‘ಬಿಡು’ ಎಂದರೆ ಸಾಲದು

ರಂಜಾನ್‌ನಲ್ಲಿ ಹಗಲೆಲ್ಲ ಗುಟ್ಕಾ ಮುಟ್ಟದವರ ಕೈ ಇಫ್ತಾರ್ ಮುಗಿದೊಡನೆ ಜೇಬಿಗೆ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ‘ಮನಸ್ಸು ಗಟ್ಟಿಯಿಲ್ಲ’ ಎಂದು ಬೈಯುತ್ತೇವೆ. ಅಷ್ಟು ತಾಸು ತಡೆದವರ ಮನಸ್ಸು ದುರ್ಬಲ ಹೇಗಾದೀತು?

ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು, ತಿನ್ನುವವರೇ ಬೆರೆಸಿಕೊಳ್ಳುತ್ತಾರೆ. ಆಸೆ ಬರುವ ಆ ಗಳಿಗೆಯಲ್ಲಿ ಕಾನೂನು, ಆಣೆ, ಬೈಗುಳ ಯಾವುದೂ ಜೊತೆಗಿರುವುದಿಲ್ಲ.

ಕಾಗ್ನಿಟಿವ್ ಥೆರಪಿ ಎಂಬ ಚಿಕಿತ್ಸೆ ಆ ಗಳಿಗೆಯನ್ನೇ ಹಿಡಿಯುತ್ತದೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಇದನ್ನು ಖಿನ್ನತೆಗಾಗಿ ರೂಪಿಸಿದರು. ಮುಂದೆ ವ್ಯಸನಕ್ಕೂ ಬಳಕೆಯಾಯಿತು. ಆಸೆ ಯಾವಾಗ, ಎಲ್ಲಿ, ಯಾರ ಜೊತೆಗಿದ್ದಾಗ ಬಂತು, ಆಗ ಮನಸ್ಸು ಏನು ಹೇಳಿತು ಎಂದು ಬರೆದಿಡಬೇಕು. ‘ಟೆನ್ಷನ್ ಇದೆ, ಒಂದೇ ಒಂದು’ ಎಂಬ ಮಾತು ನಿಜವೇ ಎಂದು ಆಪ್ತಸಮಾಲೋಚಕರ ಜೊತೆ ಕೂತು ಪರೀಕ್ಷಿಸಬೇಕು. ಆ ಗಳಿಗೆ ದಾಟುವ ದಾರಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಒಮ್ಮೆ ಜಾರಿದರೆ ‘ಎಲ್ಲ ಮುಗಿಯಿತು’ ಎನ್ನದೆ, ಎಲ್ಲಿ ಜಾರಿದೆ ಎಂದು ನೋಡಿ ಮತ್ತೆ ಶುರುಮಾಡಬೇಕು.

ಇದೊಂದೇ ಸಾಕೆಂದಲ್ಲ. ವಿಪರೀತ ಕುಡಿಯುವವರು ಏಕಾಏಕಿ ಬಿಟ್ಟರೆ ಜೀವಕ್ಕೇ ಅಪಾಯವಾಗಬಹುದು; ವೈದ್ಯರ ನಿಗಾ ಬೇಕು. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಸರ್ಕಾರದ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಸಿಕ್ಕಿಬಿದ್ದ ವಿದ್ಯಾರ್ಥಿಗೆ ಶಿಕ್ಷೆಯ ಜೊತೆ ಸಮಾಲೋಚನೆಯೂ ಸಿಗಲಿ ಎಂದು ಅಧ್ಯಾಪಕರಲ್ಲಿ ವಿನಂತಿ. ಗೆಳೆಯರೇ, ಬಿಟ್ಟು ಮತ್ತೆ ಹಿಡಿದವನನ್ನು ನೋಡಿ ನಗಬೇಡಿ. ‘ಈ ಸಲ ಏನಾಯ್ತು?’ ಎಂದು ಕೇಳಿ.