ಎಂಜಿನ್ ಕೂಗ್ತಿದೆ, ದೋಣಿ ಹೋಗ್ತಿಲ್ಲ, ಬಿಲ್ ಮಾತ್ರ ಓಡ್ತಿದೆ

1/4
ಫೋಟೋದಲ್ಲಿ ಫ್ಯಾನ್ ಮೇಲೆ ಒಂದು ಬಿಳಿ ಗೆರೆ ಕಾಣ್ತಿದ್ಯಲ್ಲ, ಪೇಂಟ್ ಮಾರ್ಕರ್‌ದು. ಆ ಗೆರೆ ಎಳೆಯೋಕೆ ಯಾರಿಗೂ ಪುರುಸೊತ್ತಿರಲಿಲ್ಲ ಅಂತ ಹೋದ ಜುಲೈನಲ್ಲಿ ನಮ್ಮನೆ ನಾಡದೋಣಿ ಒಂಬತ್ತು ದಿನ ದಡದಲ್ಲಿ ಕೂತಿತ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಬೋಟುಗಳು ಕಡಲಿಗಿಳಿಯೋ ಹಾಗಿಲ್ಲ. 10 ಎಚ್‌ಪಿ ಔಟ್‌ಬೋರ್ಡ್ ಹಾಕಿದ ನಮ್ಮಂಥ ನಾಡದೋಣಿಗೆ ಅವಕಾಶ ಇದೆ. ನಮ್ಮ ದುಡಿಮೆ ಆಗಲೇ. ಆ ಮಳೆ-ಗಾಳಿಯಲ್ಲಿ ಕಡಲು ಶಾಂತ ಇರೋ ದಿನ ಎಷ್ಟು ಸಿಗ್ತವೆ ಮಾರ್ರೆ?

2/4
ತೊಂದರೆ ಇಷ್ಟೇ: ನಿಧಾನಕ್ಕೆ ಹೋದ್ರೆ ಸರಿ. ಥ್ರಾಟಲ್ ಕೊಟ್ರೆ ಎಂಜಿನ್ ಗುಂಯ್ ಅಂತ ಏರುತ್ತೆ, ದೋಣಿ ಮುಂದೆ ಹೋಗಲ್ಲ. ಮೆಕ್ಯಾನಿಕ್ ನೀರಿಗಿಳಿಸಿ ನೋಡ್ಲೇ ಇಲ್ಲ. ಮೊದಲು ಕಾರ್ಬುರೇಟರ್ ಅಂದ್ರು, ಬಿಲ್. ಆಮೇಲೆ ಪ್ಲಗ್, ಕಾಯಿಲ್, ಇನ್ನೊಂದು ಬಿಲ್. ಕೊನೆಗೆ "ಗೇರ್ ಸೆಟ್ಟೇ ಹೋಗಿದೆ." ಅಪ್ಪ ಸಾಲದ ಅರ್ಜಿ ತುಂಬ್ಸೋಕೆ ನನ್ನ ಕರೆದ್ರು.

ಅವತ್ತು ಚಿಕ್ಕಪ್ಪ ಬಂದು, ಎಂಜಿನ್ ಆಫ್ ಇದ್ದಾಗ ಶಾಫ್ಟಿನ ತುದಿಯಿಂದ ಫ್ಯಾನಿನ ಮೈವರೆಗೆ ಒಂದು ನೇರ ಗೆರೆ ಎಳೆದ್ರು. ನೀರಲ್ಲಿ ಒಂದು ಸುತ್ತು ಜೋರಾಗಿ ಓಡಿಸಿ ವಾಪಸ್. ಗೆರೆ ಎರಡು ತುಂಡಾಗಿ ಬೇರೆ ಬೇರೆ ಕಡೆ ನಿಂತಿತ್ತು. ಶಾಫ್ಟ್ ತಿರುಗಿದೆ, ಫ್ಯಾನ್ ಅಷ್ಟು ತಿರುಗಿಲ್ಲ. ನಡುವಿನ ರಬ್ಬರ್ ಬುಶ್ ಜಾರ್ತಿತ್ತು. ಗೇರ್ ಸೆಟ್ ಕಲ್ಲಿನ ಹಾಗಿತ್ತು!

3/4
ಮೊದಲ ಪ್ರಶ್ನೆ ಒಂದೇ ಅಲ್ವಾ? ಎಂಜಿನ್ ಏರ್ತಾ ಇಲ್ವಾ, ಅಥವಾ ಎಂಜಿನ್ ಏರಿದ್ರೂ ದೋಣಿ ಏಳ್ತಾ ಇಲ್ವಾ? ಎಂಜಿನ್ನೇ ಏರದಿದ್ರೆ ಎಣ್ಣೆ, ಪ್ಲಗ್, ಕಾರ್ಬುರೇಟರ್ ನೋಡಿ. ಏರಿದ್ರೆ ಕೆಳಗೆ ನೋಡಿ: ಬುಶ್, ಗೇರ್, ಫ್ಯಾನಿಗೆ ಸುತ್ತಿದ ಬಲೆ. ಟಕ್ ಟಕ್ ಅಂತ ಗೇರ್ ಹಾರಿದ್ರೆ ಆಗ ಗೇರ್ ಮೇಲೆ ಅನುಮಾನ ಪಡಿ.

ಗೇರ್ ಆಯಿಲೂ ಅಷ್ಟೇ. ಕೆಳಗಿನ ಸ್ಕ್ರೂ ಬಿಚ್ಚಿದ್ರೆ ಅದೇ ಹೇಳುತ್ತೆ. ಹಾಲು ಹಾಕಿದ ಚಾ ಥರ ಬಂದ್ರೆ ನೀರು ಸೇರಿದೆ. ಎಷ್ಟೋ ಸಲ ಫ್ಯಾನಿನ ಹಿಂದೆ ಸುತ್ತಿದ ನೈಲಾನ್ ದಾರ ಸೀಲ್ ಕುಯ್ದಿರುತ್ತೆ. ನುಣ್ಣಗಿನ ಕಪ್ಪು ಪೇಸ್ಟ್ ಇದ್ರೆ ಸವೆತ, ಹೆದರ್ಬೇಡಿ. ಲೋಹದ ಚೂರು ಬಂದ್ರೆ ಹೆದರಿ.

ಟೂರಿಸ್ಟ್ ಸ್ಪೀಡ್ ಬೋಟುಗಳಲ್ಲಿ ಕೆಲವಕ್ಕೆ ಸ್ಟರ್ನ್‌ಡ್ರೈವ್ ಇರುತ್ತೆ, ಎಂಜಿನ್ ಒಳಗೆ, ಗೇರ್ ಕಾಲು ಹೊರಗೆ. ಅಲ್ಲಿ ರಬ್ಬರ್ ಬೆಲ್ಲೋಸ್ ಹರಿದು ನೀರು ಹೊಕ್ರೆ ಬೇರಿಂಗ್ ಹಾಳಾಗುತ್ತೆ, ಬೋಟ್ ತಿರುಗಿಸುವಾಗ ಜೋರಾಗಿ ಕೂಗುತ್ತೆ. ಅಲ್ಲೂ ಕಿವಿ ಕೊಡದೆ ಎಂಜಿನ್ ಬಿಚ್ಚೋರು ಇರ್ತಾರೆ.

4/4
"ಸೀಸನ್‌ನಲ್ಲಿ ರಶ್, ಟೆಸ್ಟ್ ಮಾಡೋಕೆ ಟೈಮ್ ಎಲ್ಲಿ" ಅಂತಾರೆ. ಸರಿ, ಅವರ ಮುಂದೆ ಹತ್ತು ಎಂಜಿನ್ ಸಾಲಾಗಿ ಬಿದ್ದಿರುತ್ತೆ, ಒಪ್ತೀನಿ. ಆದ್ರೆ ಗೆರೆ ಎಳೆಯೋಕೆ ಹತ್ತು ನಿಮಿಷ, ತಪ್ಪು ಪಾರ್ಟ್ ಹಾಕೋಕೆ ಮೂರು ದಿನ. ಆಡಿಟಿಂಗ್ ಕ್ಲಾಸಲ್ಲಿ ವೋಚರ್ ಇಲ್ಲದ ಎಂಟ್ರಿ ಒಪ್ಬೇಡಿ ಅಂತ ಬಾಯಿಪಾಠ ಮಾಡ್ತೀವಿ. ಮನೇಲಿ ಅಪ್ಪನ ಮುಂದೆ ಬಂದ ಬಿಲ್ ಮಾತ್ರ ಕೇಳ್ದೆ ಕಟ್ತೀವಿ. ನಾನೂ ಕಟ್ಟಿದೆ, ಎರಡು ಸಲ, ನನ್ನದೇ ಫೋನಿಂದ.

"ನೀನು ಬಿಕಾಂ, ನಿಂಗೇನು ಗೊತ್ತು" ಅಂದ್ರು ಆ ಮೆಕ್ಯಾನಿಕ್. ಗೊತ್ತಿರಲಿಲ್ಲ, ಅದಕ್ಕೇ ಕೇಳಿದ್ದು. ಈಗ ಹಳೇ ಪಾರ್ಟ್ ವಾಪಸ್ ಕೇಳ್ತೀನಿ, ಯಾವ ಟೆಸ್ಟಲ್ಲಿ ಗೊತ್ತಾಯ್ತು ಅಂತ ಬಿಲ್ಲಲ್ಲೇ ಬರೆಸ್ತೀನಿ. ಮುಖ ಗಂಟಿಕ್ತಾರೆ, ಇಕ್ಲಿ.

ನಿಮ್ಮನೆ ದೋಣಿಯ ಗೇರ್ ಆಯಿಲ್ ಯಾವ ಬಣ್ಣ ಇದೆ? ಈ ಭಾನುವಾರ ನೋಡಿ, ಕಮೆಂಟಲ್ಲಿ ಹಾಕಿ.

#ನಾಡದೋಣಿ #ಔಟ್‌ಬೋರ್ಡ್ #ಕರಾವಳಿ