ಅಂಕ ಗಳಿಸುವ ಗಾರ್ಡ್ ಸಾಲದು, ಆಡಿಸುವ ಗಾರ್ಡ್ ಬೇಕು

ಬಾಸ್ಕೆಟ್‌ಬಾಲ್ ತಂಡಕ್ಕೆ ಹೊಸ ಗಾರ್ಡ್ ಬಂದನೆಂದರೆ ಎಲ್ಲರೂ ಮೊದಲು ಕೇಳುವುದು, ಪಂದ್ಯಕ್ಕೆ ಎಷ್ಟು ಅಂಕ ಗಳಿಸುತ್ತಾನೆ ಎಂದು. ಪ್ರಶ್ನೆ ಸಹಜ, ಆದರೆ ಅಷ್ಟೇ ಸಾಲದು. ಚೆಂಡನ್ನು ಮುಂದಕ್ಕೆ ಒಯ್ದು, ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವುದು ಗಾರ್ಡ್‌ನ ಮುಖ್ಯ ಕೆಲಸ. ಆತ ಬಂದ ಮೇಲೆ ಉಳಿದ ನಾಲ್ವರ ಆಟ ಸುಧಾರಿಸಿತೇ, ಪ್ರಮುಖ ಆಟಗಾರ ಇಲ್ಲದ ದಿನವೂ ತಂಡ ನಿಂತಿತೇ ಎಂಬುದೇ ನಿಜವಾದ ಅಳತೆ.

ಅಮೆರಿಕದ ಎನ್‌ಬಿಎ ಲೀಗ್‌ನ ಮಿಲ್ವಾಕಿ ಬಕ್ಸ್ ತಂಡ ಇದಕ್ಕೆ ಉತ್ತಮ ಉದಾಹರಣೆ. ಯಾನಿಸ್ ಆಂಟೆಟೊಕುಂಪೊ ಅವರಂಥ ಬಲಾಢ್ಯ ಆಟಗಾರನಿದ್ದರೂ ಎದುರಾಳಿಗಳು ಅವರ ಮುಂದೆ ಗೋಡೆಯಂತೆ ನಿಂತು ತಡೆಯುತ್ತಿದ್ದರು. 2020ರ ಪ್ಲೇಆಫ್‌ನಲ್ಲಿ ಬಕ್ಸ್ ಮಯಾಮಿಗೆ 1-4ರಿಂದ ಸೋತಿತು. ಅದೇ ನವೆಂಬರ್‌ನಲ್ಲಿ ಅದು ನ್ಯೂ ಓರ್ಲಿಯನ್ಸ್ ತಂಡದಿಂದ ಜ್ರೂ ಹಾಲಿಡೇ ಎಂಬ ಗಾರ್ಡ್‌ನನ್ನು ಕರೆತಂದಿತು.

2021ರಲ್ಲಿ ಅಟ್ಲಾಂಟಾ ವಿರುದ್ಧದ ಪೂರ್ವ ವಿಭಾಗದ ಫೈನಲ್ ಸರಣಿಯಲ್ಲಿ ಮೊಣಕಾಲಿಗೆ ಪೆಟ್ಟಾಗಿ ಆಂಟೆಟೊಕುಂಪೊ ಕೊನೆಯ ಎರಡು ಪಂದ್ಯ ಆಡಲಿಲ್ಲ. ಎರಡನ್ನೂ ಬಕ್ಸ್ ಗೆದ್ದಿತು. ಮೊದಲನೆಯದರಲ್ಲಿ ಹಾಲಿಡೇ 25 ಅಂಕ ಗಳಿಸಿ, ಜತೆಗಾರರ 13 ಬುಟ್ಟಿಗಳಿಗೆ ಪಾಸ್ ಒದಗಿಸಿದರು. ಮುಂದೆ ಫೀನಿಕ್ಸ್ ವಿರುದ್ಧದ ಅಂತಿಮ ಸರಣಿಯ ಐದನೇ ಪಂದ್ಯದ ಕೊನೆಯ ಕ್ಷಣಗಳಲ್ಲಿ ಎದುರಾಳಿಯ ಕೈಯಿಂದ ಚೆಂಡು ಕಸಿದು, ಆಂಟೆಟೊಕುಂಪೊ ಅವರತ್ತ ಎತ್ತರಕ್ಕೆ ಎಸೆದರು. ಬಕ್ಸ್ 50 ವರ್ಷಗಳ ಬಳಿಕ ಚಾಂಪಿಯನ್ ಆಯಿತು.

2023ರಲ್ಲಿ ಅದೇ ಬಕ್ಸ್, ಹಿಂದಿನ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 32.2 ಅಂಕ ಗಳಿಸಿದ್ದ ಡೇಮಿಯನ್ ಲಿಲ್ಲರ್ಡ್ ಅವರಿಗಾಗಿ ಹಾಲಿಡೇ ಅವರನ್ನು ಬಿಟ್ಟುಕೊಟ್ಟಿತು. ಲೀಗ್ ಹಂತದ ಗೆಲುವು 58ರಿಂದ 49ಕ್ಕೆ ಇಳಿಯಿತು. 2024ರ ಪ್ಲೇಆಫ್‌ನಲ್ಲಿ ಆಂಟೆಟೊಕುಂಪೊ ಮತ್ತೆ ಗಾಯಾಳು. ತಂಡ ಮೊದಲ ಸುತ್ತಿನಲ್ಲೇ ಇಂಡಿಯಾನಾಗೆ ಮಣಿಯಿತು. ಲಿಲ್ಲರ್ಡ್ ಕೂಡ ಗಾಯದಿಂದ ಎರಡು ಪಂದ್ಯ ತಪ್ಪಿಸಿಕೊಂಡಿದ್ದರೆಂಬುದನ್ನು ಮರೆಯಬಾರದು. ಅವರು ಶ್ರೇಷ್ಠ ಆಟಗಾರ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ತಂಡಕ್ಕೆ ಬೇಕಾಗಿದ್ದುದು ಇನ್ನಷ್ಟು ಅಂಕವೇ ಎಂಬುದು ಪ್ರಶ್ನೆ.

ಇತ್ತ ಹಾಲಿಡೇ ಬಾಸ್ಟನ್ ತಂಡ ಸೇರಿದರು. ಅಲ್ಲಿ ಅಂಕ ಗಳಿಸುವವರಿಗೆ ಕೊರತೆ ಇರಲಿಲ್ಲ. ಅವರ ಸರಾಸರಿ 19.3ರಿಂದ 12.5ಕ್ಕೆ ಇಳಿಯಿತು. ಬಾಸ್ಟನ್ ಮಾತ್ರ 82ರಲ್ಲಿ 64 ಪಂದ್ಯ ಗೆದ್ದು, ಎತ್ತರದ ಆಟಗಾರ ಪೋರ್ಜಿಂಗಿಸ್ ಪ್ಲೇಆಫ್‌ನ ಬಹುಪಾಲು ಹೊರಗಿದ್ದರೂ, 2024ರ ಪ್ರಶಸ್ತಿ ಎತ್ತಿತು. ತಂಡದ ಆಳ ಎಂದರೆ ಇದೇ.

ಮುಂಬಯಿಗೆ ಬಾಸ್ಕೆಟ್‌ಬಾಲ್ ಹೊಸದಲ್ಲ; ನಾಗ್‌ಪಾಡಾ ಈ ಆಟಕ್ಕೆ ಹೆಸರಾದ ಪ್ರದೇಶ. ನಮ್ಮವರ ಮಕ್ಕಳೂ ಶಾಲೆ, ಕಾಲೇಜು ತಂಡಗಳಲ್ಲಿ ಆಡುತ್ತಾರೆ. ಅಂಕಪಟ್ಟಿಯಲ್ಲಿ ಹೆಸರಿಲ್ಲವೆಂದು ಪಾಸ್ ಕೊಡುವ ಹುಡುಗನನ್ನು ಬೆಂಚಿನಲ್ಲಿ ಕೂರಿಸಿದರೆ, ನಾಳೆ ಯಾರೂ ಚೆಂಡು ಬಿಟ್ಟುಕೊಡಲು ಕಲಿಯುವುದಿಲ್ಲ. ಆದ್ದರಿಂದ ಕ್ರೀಡಾಕೂಟ ನಡೆಸುವ ನಮ್ಮ ಸಂಘ-ಸಂಸ್ಥೆಗಳ ಪದಾಧಿಕಾರಿಗಳು ಹೆಚ್ಚು ಅಂಕ ಗಳಿಸಿದವರಿಗೆ ಕೊಡುವ ಬಹುಮಾನದ ಜತೆಗೆ, ಉತ್ತಮವಾಗಿ ಆಡಿಸಿದವರಿಗೂ ಒಂದು ಬಹುಮಾನ ಇರಿಸಲಿ. ಖರ್ಚು ಒಂದು ಟ್ರೋಫಿಯದು ಮಾತ್ರ, ಲಾಭ ಇಡೀ ತಂಡಕ್ಕೆ.