ಕಾರಣ ಹೇಳುವಾಗ ಕರ್ತೃ ತಪ್ಪದಿರಲಿ

ಶಾಲೆಗೆ ಬರೆಯುವ ರಜಾ ಅರ್ಜಿಯಲ್ಲಿ ಇರುವುದು ಎರಡೇ ವಿಷಯ: ಮಗು ಶಾಲೆಗೆ ಬರಲಿಲ್ಲ, ಏಕೆ ಬರಲಿಲ್ಲ. ಈ ‘ಏಕೆ’ಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವಾಗಲೇ ಎಡವಟ್ಟಾಗುವುದು. ತಾಯಿಯೊಬ್ಬರು ಹೀಗೆ ಬರೆದರೆನ್ನಿ:

‘ಹ್ಯಾವಿಂಗ್ ಟೈಫಾಯಿಡ್ ಫಾರ್ ಟೂ ವೀಕ್ಸ್, ಐ ಕುಡ್ ನಾಟ್ ಸೆಂಡ್ ಮೈ ಸನ್ ಟು ಸ್ಕೂಲ್.’

ಕಾಗುಣಿತ ಸರಿ, ಕಾಲವೂ ಸರಿ. ಆದರೆ ಈ ವಾಕ್ಯದ ಪ್ರಕಾರ ಟೈಫಾಯಿಡ್ ಬಂದಿದ್ದು ಮಗನಿಗಲ್ಲ, ತಾಯಿಗೆ! ಸಿಬಿಎಸ್‌ಇ ನಿಯಮದಂತೆ ಬೋರ್ಡ್ ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಾತಿ ಬೇಕು. ಕಾಯಿಲೆಯಂಥ ಕಾರಣಕ್ಕೆ ವಿನಾಯಿತಿ ಕೇಳಬಹುದು, ಆದರೆ ದಾಖಲೆ ಒದಗಿಸಬೇಕು. ವೈದ್ಯರ ಸರ್ಟಿಫಿಕೇಟಿನಲ್ಲಿ ಮಗನ ಹೆಸರು, ಪತ್ರದಲ್ಲಿ ತಾಯಿಯ ಕಾಯಿಲೆ ಎಂದಾದರೆ ಓದುವವರು ಯಾವುದನ್ನು ನಂಬಬೇಕು?

ಈ ತಪ್ಪಿನ ಬೇರು ಕನ್ನಡದ ಒಂದು ಅನುಕೂಲದಲ್ಲಿದೆ. ‘ಮಳೆ ಬಂದು ಕೆರೆ ತುಂಬಿತು’ ಎನ್ನುತ್ತೇವೆ. ಬಂದದ್ದು ಮಳೆ, ತುಂಬಿದ್ದು ಕೆರೆ. ಒಂದೇ ವಾಕ್ಯದಲ್ಲಿ ಇಬ್ಬರು ಕರ್ತೃಗಳಿದ್ದರೂ ಕನ್ನಡಕ್ಕೆ ತೊಂದರೆಯಿಲ್ಲ. ‘ಬಂದು’ ಎಂಬ ಕ್ರಿಯೆ ತನ್ನ ಕರ್ತೃವನ್ನು ಜೊತೆಯಲ್ಲೇ ಇಟ್ಟುಕೊಂಡಿರುತ್ತದೆ. ಇಂಗ್ಲಿಷಿನ ‘ಇಂಗ್’ ರೂಪಕ್ಕೆ, ಅಂದರೆ ಪಾರ್ಟಿಸಿಪಲ್‌ಗೆ, ಸಾಮಾನ್ಯವಾಗಿ ಸ್ವಂತ ಕರ್ತೃ ಇರುವುದಿಲ್ಲ. ಅದು ಪ್ರಧಾನ ವಾಕ್ಯದ ಕರ್ತೃವನ್ನೇ ಕಡ ತೆಗೆದುಕೊಳ್ಳುತ್ತದೆ. ಆದ್ದರಿಂದ ‘ಹ್ಯಾವಿಂಗ್ ರೇನ್ಡ್ ಹೆವಿಲಿ, ದಿ ಟ್ಯಾಂಕ್ ಫಿಲ್ಡ್ ಅಪ್’ ಎಂದು ಬರೆದರೆ ಕೆರೆಯೇ ಮಳೆ ಸುರಿಸಿದಂತಾಗುತ್ತದೆ. ಇಲ್ಲಿ ಬೇಕಾದದ್ದು ಪೂರ್ಣ ಉಪವಾಕ್ಯ: ‘ದಿ ಟ್ಯಾಂಕ್ ಫಿಲ್ಡ್ ಅಪ್ ಬಿಕಾಸ್ ಇಟ್ ಹ್ಯಾಡ್ ರೇನ್ಡ್ ಹೆವಿಲಿ.’

ಪರೀಕ್ಷಿಸುವ ವಿಧಾನ ಸುಲಭ. ‘ಇಂಗ್’ ಭಾಗಕ್ಕೆ ‘ಯಾರು?’ ಎಂದು ಕೇಳಿ. ಉತ್ತರ ಅಲ್ಪವಿರಾಮದ ನಂತರ ಬರುವ ಕರ್ತೃವೇ ಆಗಿದ್ದರೆ ವಾಕ್ಯ ಸರಿ.

‘ನಾಟ್ ನೋಯಿಂಗ್ ದಿ ಅಡ್ರೆಸ್, ರವಿ ವೆಂಟ್ ಟು ದಿ ಪೋಸ್ಟ್ ಆಫೀಸ್.’

ವಿಳಾಸ ಗೊತ್ತಿಲ್ಲದವನು ಯಾರು? ರವಿ. ಅಂಚೆ ಕಚೇರಿಗೆ ಹೋದವನೂ ರವಿ. ವಾಕ್ಯ ಚಿಕ್ಕದು, ಚೊಕ್ಕದು.

ಇದು ಕನ್ನಡಿಗರು ಮಾತ್ರ ಮಾಡುವ ತಪ್ಪೆಂದು ಸಂಕೋಚಪಡಬೇಕಾಗಿಲ್ಲ. ಇಂಗ್ಲಿಷರೂ ಮಾಡುತ್ತಾರೆ. ಎಚ್. ಡಬ್ಲ್ಯು. ಫೌಲರ್ 1926ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ ಇದರ ಬಗ್ಗೆ ಎಚ್ಚರಿಸಿದ್ದಾರೆ. ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಇರುವ ರೆನ್ ಅಂಡ್ ಮಾರ್ಟಿನ್ ವ್ಯಾಕರಣವೂ ಪಾರ್ಟಿಸಿಪಲ್‌ಗೆ ಒಂದು ನಾಮಪದದ ಅಥವಾ ಸರ್ವನಾಮದ ಆಸರೆ ಇರಲೇಬೇಕೆನ್ನುತ್ತದೆ. ‘ಕನ್ಸಿಡರಿಂಗ್’, ‘ಜನರಲಿ ಸ್ಪೀಕಿಂಗ್’ ಮುಂತಾದ ಕೆಲವು ಪ್ರಯೋಗಗಳಿಗೆ ಮಾತ್ರ ರಿಯಾಯಿತಿ ಉಂಟು.

‘ಬೀಯಿಂಗ್ ಎ ಸಂಡೇ, ದಿ ಬ್ಯಾಂಕ್ ವಾಸ್ ಕ್ಲೋಸ್ಡ್’ ಎಂಬುದೂ ಇದೇ ಜಾತಿಯ ತಪ್ಪು; ಬ್ಯಾಂಕು ಭಾನುವಾರವಲ್ಲವಷ್ಟೆ. ‘ಇಟ್ ಬೀಯಿಂಗ್ ಎ ಸಂಡೇ’ ಎಂದು ಕರ್ತೃ ಸೇರಿಸಿದರೆ ಶುದ್ಧವಾಗುತ್ತದೆ, ಆದರೆ ತುಸು ಗ್ರಾಂಥಿಕ. ‘ಆಸ್ ಇಟ್ ವಾಸ್ ಎ ಸಂಡೇ’ ಎಂಬುದು ಸಹಜ.

ಕರ್ತೃ ಒಂದೇ ಆಗಿದ್ದರೂ ಇನ್ನೊಂದು ಎಚ್ಚರ ಬೇಕು. ಬಿ, ಹ್ಯಾವ್, ನೋ, ಫೀಲ್ ಮುಂತಾದ ಸ್ಥಿತಿ ತಿಳಿಸುವ ಕ್ರಿಯಾಪದಗಳ ‘ಇಂಗ್’ ರೂಪ ಕಾರಣವನ್ನು ಚೆನ್ನಾಗಿ ಹೇಳುತ್ತದೆ. ನಡೆಯುವುದು, ಓಡುವುದು ಮುಂತಾದ ಕೆಲಸದ ಕ್ರಿಯಾಪದಗಳಾದರೆ ಅರ್ಥ ಕಾಲದ ಕಡೆಗೆ ವಾಲುತ್ತದೆ. ‘ವಾಕಿಂಗ್ ಟು ಸ್ಕೂಲ್, ಲತಾ ಗಾಟ್ ವೆಟ್’ ಎಂದರೆ ನಡೆದು ಹೋಗುವಾಗ ನೆನೆದಳೋ, ನಡೆದು ಹೋದದ್ದರಿಂದ ನೆನೆದಳೋ ಸ್ಪಷ್ಟವಿಲ್ಲ. ಕಾರಣವೇ ಮುಖ್ಯವಾದರೆ ‘ಲತಾ ಗಾಟ್ ವೆಟ್ ಬಿಕಾಸ್ ಶಿ ವಾಕ್ಡ್ ಟು ಸ್ಕೂಲ್’ ಎಂದೇ ಬರೆಯಬೇಕು.

ಹಾಗೆಯೇ ‘ವೈ ಡಿಡ್ ಹಿ ಲೀವ್ ಅರ್ಲಿ?’ ಎಂಬ ಪ್ರಶ್ನೆಗೆ ‘ಬೀಯಿಂಗ್ ಟಯರ್ಡ್’ ಎಂಬುದು ಉತ್ತರವಲ್ಲ. ‘ಬಿಕಾಸ್ ಹಿ ವಾಸ್ ಟಯರ್ಡ್’ ಎನ್ನಬೇಕು. ಹೊಸದಾಗಿ ತಿಳಿಸುವ ಕಾರಣಕ್ಕೆ ‘ಬಿಕಾಸ್’, ಓದುವವರಿಗೆ ಮೊದಲೇ ಗೊತ್ತಿರುವ ಕಾರಣಕ್ಕೆ ‘ಆಸ್’ ಅಥವಾ ‘ಸಿನ್ಸ್’ ಹೆಚ್ಚು ಹೊಂದುತ್ತದೆ.

ಮಿಶ್ರ ವಾಕ್ಯವನ್ನು ಸಾಮಾನ್ಯ ವಾಕ್ಯವಾಗಿ ಬದಲಿಸುವ ಅಭ್ಯಾಸ ಮಾಡಿದ ಮಕ್ಕಳಿಗೆ ‘ಇಂಗ್’ ಹಾಕಿದರೇ ಒಳ್ಳೆಯ ಇಂಗ್ಲಿಷ್ ಎಂಬ ಭಾವನೆ ಬಂದುಬಿಡುತ್ತದೆ. ಪಾಲಕರು ಒಂದು ಕೆಲಸ ಮಾಡಬಹುದು. ಮಗು ಮೊದಲು ‘ಬಿಕಾಸ್’ ಹಾಕಿ ಪೂರ್ಣ ವಾಕ್ಯ ಬರೆಯಲಿ. ಎರಡೂ ಕಡೆಯ ಕರ್ತೃ ಒಬ್ಬರೇ ಎಂದು ಖಚಿತವಾದ ಮೇಲೆ, ಬೇಕೆನಿಸಿದರೆ ಮೊಟಕು ಮಾಡಲಿ. ಅರ್ಜಿಯಲ್ಲಿ ಮಾತ್ರ ಮೊಟಕು ಮಾಡದಿದ್ದರೂ ನಷ್ಟವಿಲ್ಲ.

ಅಭ್ಯಾಸ: ಕೆಳಗಿನವುಗಳಲ್ಲಿ ಯಾವುದು ಸರಿ?

1. ಬೀಯಿಂಗ್ ವೆರಿ ಹೆವಿ, ಐ ಲೆಫ್ಟ್ ದಿ ಬ್ಯಾಗ್ ಅಟ್ ಹೋಮ್.
2. ಫೀಲಿಂಗ್ ಹಂಗ್ರಿ, ದಿ ಚಿಲ್ಡ್ರನ್ ಓಪನ್ಡ್ ದೇರ್ ಟಿಫಿನ್ ಬಾಕ್ಸಸ್.
3. ಹ್ಯಾವಿಂಗ್ ಫೇಲ್ಡ್ ಇನ್ ಮ್ಯಾಥಮ್ಯಾಟಿಕ್ಸ್, ದಿ ಟೀಚರ್ ಗೇವ್ ಹಿಮ್ ಎಕ್ಸ್‌ಟ್ರಾ ಲೆಸನ್ಸ್.

ಉತ್ತರ: ಎರಡನೆಯದು ಮಾತ್ರ ಸರಿ. ಮೊದಲನೆಯದರಲ್ಲಿ ಭಾರವಾಗಿರುವುದು ಚೀಲವಲ್ಲ, ಬರೆದವರು. ‘ಐ ಲೆಫ್ಟ್ ದಿ ಬ್ಯಾಗ್ ಅಟ್ ಹೋಮ್ ಬಿಕಾಸ್ ಇಟ್ ವಾಸ್ ವೆರಿ ಹೆವಿ’ ಎಂದಿರಬೇಕು. ಮೂರನೆಯದರಲ್ಲಿ ಗಣಿತದಲ್ಲಿ ಫೇಲಾದವರು ಮೇಷ್ಟ್ರು! ‘ಆಸ್ ಹಿ ಹ್ಯಾಡ್ ಫೇಲ್ಡ್ ಇನ್ ಮ್ಯಾಥಮ್ಯಾಟಿಕ್ಸ್’ ಎಂದು ಆರಂಭಿಸಿದರೆ ಮೇಷ್ಟ್ರೂ ಪಾಸು, ವಾಕ್ಯವೂ ಪಾಸು.